ಹಲವರಿಗೊಂದು ವಿದ್ಯುತ್ ಕಾರು

ಮೋಟಾರು ಕಾರು ಚಲಿಸುವುದಕ್ಕೆಂದೇ ನಿರ್ಮಿತವಾದ ಯಂತ್ರ. ಆದರೆ ಅದರ ಆಯುಷ್ಯದ ಬಹುಭಾಗ ಕಳೆಯುವುದು ನಿಂತಲ್ಲಿಯೇ. ಮೈಸೂರಿನ ಸಿದ್ಧಾರ್ಥನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಊರಿನ ಪೂರ್ವ ಭಾಗದಲ್ಲಿ, ಚಾಮುಂಡಿ ಬೆಟ್ಟಕ್ಕೆ ಸಮೀಪವಾಗಿರುವ ಈ ಬಡಾವಣೆಯಿಂದ ಅರಮನೆಗಾಗಲಿ, ದೇವರಾಜ ಮಾರುಕಟ್ಟೆಗಾಗಲಿ, ರೈಲು ನಿಲ್ದಾಣಕ್ಕಾಗಲಿ ಇರುವ ದೂರ ಕೆಲವೇ ಕಿಲೋಮೀಟರು. ಇಲ್ಲಿಯ ಒಂದು ಸಂಸಾರ ತನ್ನ ಕಾರನ್ನು ದಿನಕ್ಕೆ ಎರಡು ಸಲ ಹೊರಗೆ ತೆಗೆದು ಒಟ್ಟು 20 ಕಿಲೋಮೀಟರು ಓಡಿಸುತ್ತದೆಂದು ಭಾವಿಸಿ. ಊರೊಳಗಿನ ಸಂಚಾರದಲ್ಲಿ ಗಂಟೆಗೆ 20 ಕಿಲೋಮೀಟರು ಸರಾಸರಿ ವೇಗವೆಂದು ಹಿಡಿದರೆ ಕಾರು ಓಡಿದ ಕಾಲ ಒಂದು ಗಂಟೆ. ಉಳಿದ ಇಪ್ಪತ್ತಮೂರು ಗಂಟೆಗಳು ಅದು ಮನೆಯ ಮುಂದೆಯೋ ಕಚೇರಿಯ ಮುಂದೆಯೋ ಬಿಸಿಲು ಕಾಯುತ್ತ ನಿಂತಿರುತ್ತದೆ. ನೂರರಲ್ಲಿ ತೊಂಬತ್ತಾರು ಪಾಲು ಬಿಡುವು! ಇಷ್ಟು ಬಿಡುವುಳ್ಳ ಉದ್ಯೋಗ ಮನುಷ್ಯರಿಗೆ ದೊರೆಯುವುದು ವಿರಳ.

ಪೆಟ್ರೋಲಿನ ಕಾರಾದರೆ ಈ ಬಿಡುವಿನಿಂದ ಹೆಚ್ಚಿನ ನಷ್ಟವಿಲ್ಲ. ತೊಟ್ಟಿಯಲ್ಲಿರುವ ಪೆಟ್ರೋಲು ನಾಳೆಯವರೆಗೆ ಕಾದಿರುತ್ತದೆ. ಎಂಜಿನ್ನು ಸವೆಯುವುದು ಮುಖ್ಯವಾಗಿ ಓಡಿದಾಗ. ವಿದ್ಯುತ್ ಕಾರಿನ ವಿಷಯ ಬೇರೆ. ಅದರಲ್ಲಿ ಅತ್ಯಂತ ಬೆಲೆಬಾಳುವ ಭಾಗ ಬ್ಯಾಟರಿ. ಬ್ಯಾಟರಿಯಾದರೋ ದುಡಿದರೂ ಮುದಿಯಾಗುತ್ತದೆ, ಸುಮ್ಮನಿದ್ದರೂ ಮುದಿಯಾಗುತ್ತದೆ. ಈ ಒಂದು ಸಂಗತಿಯಿಂದ ಹೊರಡುವ ಪ್ರಶ್ನೆಯನ್ನೇ ಈ ಲೇಖನದಲ್ಲಿ ಪರಿಶೀಲಿಸಬೇಕಾಗಿದೆ. ಸಣ್ಣ ವಿದ್ಯುತ್ ಕಾರು ಒಬ್ಬರ ಸೊತ್ತಾಗಿರುವುದಕ್ಕಿಂತ ಹಲವರು ಸರದಿಯಂತೆ ಬಳಸುವ ವಾಹನವಾಗಿರುವುದು ಮೇಲಲ್ಲವೆ? ಹಾಗಿದ್ದರೆ, ಪ್ರಪಂಚದ ಹಲವು ನಗರಗಳಲ್ಲಿ ಈ ಏರ್ಪಾಡು ಆರಂಭವಾಗಿಯೂ ನಿಂತುಹೋದುದೇಕೆ?

ಬೆಂಗಳೂರಿನ ರೇವಾ

ಸಣ್ಣ ವಿದ್ಯುತ್ ಕಾರಿನ ಚರಿತ್ರೆಯಲ್ಲಿ ನಮ್ಮ ನಾಡಿಗೆ ಗೌರವದ ಸ್ಥಾನವುಂಟು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಯೂ ಕೂಡಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದುವು. ಅದರ ಹಿಂದಿನ ಚೇತನ ಚೇತನ್ ಮೈನಿ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಸೂರ್ಯಶಕ್ತಿಯಿಂದ ಓಡುವ ಸನ್‌ರನ್ನರ್ ಎಂಬ ಕಾರನ್ನು ನಿರ್ಮಿಸಿದ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಸೌರವಾಹನ ಪಂದ್ಯದಲ್ಲಿ ಪ್ರಥಮ ಸ್ಥಾನವನ್ನೂ ಆಸ್ಟ್ರೇಲಿಯದ ಪಂದ್ಯದಲ್ಲಿ ತೃತೀಯ ಸ್ಥಾನವನ್ನೂ ಪಡೆಯಿತು. ಏಳು ವರ್ಷಗಳ ಪ್ರಯೋಗದ ಬಳಿಕ, 2001ರಲ್ಲಿ, ರೇವಾ ಕಾರು ಬೆಂಗಳೂರಿನ ಬೀದಿಗೆ ಇಳಿಯಿತು.

ಅದರ ಉದ್ದ ಸುಮಾರು 2.6 ಮೀಟರು, ಅಗಲ ಸುಮಾರು 1.3 ಮೀಟರು. ಇಬ್ಬರು ದೊಡ್ಡವರೂ ಇಬ್ಬರು ಮಕ್ಕಳೂ ಕೂರಲು ಸ್ಥಳ. ಉಕ್ಕಿನ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಮುಂದಿನ ಆಸನಗಳ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಸಾಲಾಗಿ ಜೋಡಿಸಿದಾಗ 48 ವೋಲ್ಟು. ಪ್ರತಿಯೊಂದರ ಸಾಮರ್ಥ್ಯ 200 ಆಂಪಿಯರ್-ಗಂಟೆ. ವೋಲ್ಟನ್ನೂ ಆಂಪಿಯರ್-ಗಂಟೆಯನ್ನೂ ಗುಣಿಸಿದರೆ 9,600 ವಾಟ್-ಗಂಟೆ, ಎಂದರೆ ಮನೆಯ ಮೀಟರು ತೋರಿಸುವ ಲೆಕ್ಕದಲ್ಲಿ 9.6 ಯೂನಿಟ್ಟು. ಒಮ್ಮೆ ತುಂಬಿಸಿದರೆ 80 ಕಿಲೋಮೀಟರು ಓಡುತ್ತದೆಂದು ತಯಾರಕರು ಹೇಳುತ್ತಿದ್ದರು. ಬರಿದಾದ ಬ್ಯಾಟರಿ ಪೂರ್ತಿ ತುಂಬಲು ಎಂಟು ಗಂಟೆ ಬೇಕು; ಆದರೆ ನೂರಕ್ಕೆ ಎಂಬತ್ತು ಪಾಲು ಎರಡೂವರೆ ಗಂಟೆಯಲ್ಲಿಯೇ ತುಂಬುವುದು. ಕೊನೆಯ ಇಪ್ಪತ್ತು ಪಾಲಿಗೆ ಅಷ್ಟೊಂದು ಕಾಲವೇಕೆಂದರೆ, ತುಂಬುತ್ತ ಬಂದ ಬ್ಯಾಟರಿಗೆ ಪ್ರವಾಹವನ್ನು ಕಡಿಮೆ ಮಾಡದಿದ್ದರೆ ಒಳಗಿನ ನೀರು ಜಲಜನಕ ಆಮ್ಲಜನಕಗಳಾಗಿ ಒಡೆಯತೊಡಗುತ್ತದೆ.

ಎಂಬತ್ತು ಕಿಲೋಮೀಟರೆಂಬ ಈ ಸಂಖ್ಯೆ ಎಲ್ಲಿಂದ ಬಂತು? ಹೈಸ್ಕೂಲಿನ ಭೌತಶಾಸ್ತ್ರವೇ ಇದಕ್ಕೆ ಸಾಕು. ಕಾರು ಮುಕ್ಕಾಲು ಟನ್ನು, ಅದರಲ್ಲಿ ಇಬ್ಬರು ಕುಳಿತರೆ ಒಟ್ಟು ಸುಮಾರು 900 ಕಿಲೋಗ್ರಾಂ. ಗಾಡಿಯನ್ನು ತಡೆಯುವವರು ಇಬ್ಬರು: ನೆಲ ಮತ್ತು ಗಾಳಿ. ಟೈರು ಉರುಳುವಾಗ ಆಗುವ ಪ್ರತಿರೋಧ ಭಾರದ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. 106 ನ್ಯೂಟನ್ ಎನ್ನೋಣ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಳಿಯ ತಡೆ ಸುಮಾರು 46 ನ್ಯೂಟನ್. ಇವೆರಡನ್ನೂ ಗೆದ್ದು ಒಂದು ಕಿಲೋಮೀಟರು ಸಾಗಲು ಬೇಕಾಗುವ ಶಕ್ತಿ 0.042 ಯೂನಿಟ್ಟು. ಇದು ಅಲ್ಪವೇ. ಆದರೆ ಊರಿನಲ್ಲಿ ಮೂರನೆಯ ಶತ್ರುವೊಬ್ಬನಿದ್ದಾನೆ. ಅವನು ಚೌಕದ ಕೆಂಪು ದೀಪ. ನಿಂತ ಕಾರನ್ನು ಪುನಃ 40 ಕಿಲೋಮೀಟರು ವೇಗಕ್ಕೆ ತರಬೇಕಾದರೆ ಅದಕ್ಕೆ ಕೊಡಬೇಕಾದ ಚಲನಶಕ್ತಿ, ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ನಮ್ಮ ಕಾರಿಗೆ ಅದು 0.015 ಯೂನಿಟ್ಟು. ಕಿಲೋಮೀಟರಿಗೆ ಮೂರು ಸಲ ನಿಂತು ಹೊರಟರೆ 0.046 ಯೂನಿಟ್ಟು! ನೆಲಕ್ಕೂ ಗಾಳಿಗೂ ಸೇರಿ ತೆತ್ತುದಕ್ಕಿಂತ ನಿಂತು ಹೊರಡುವುದಕ್ಕೆ ತೆತ್ತುದೇ ಹೆಚ್ಚಾಯಿತು.

ನಗರದ ಕಾರು ಚಿಕ್ಕದಾಗಿರಬೇಕೆಂಬುದರ ಮರ್ಮ ಇಲ್ಲಿದೆ. ನೆಲದ ತಡೆಯೂ ಚಲನಶಕ್ತಿಯೂ ದ್ರವ್ಯರಾಶಿಯೊಡನೆ ಏರುವುವು. ಭಾರವನ್ನು ಎರಡರಷ್ಟು ಮಾಡಿದರೆ ಊರಿನೊಳಗಣ ಖರ್ಚು ಸರಿಸುಮಾರು ಎರಡರಷ್ಟಾಗುತ್ತದೆ. ಅದಕ್ಕಾಗಿ ಬ್ಯಾಟರಿಯನ್ನು ದೊಡ್ಡದು ಮಾಡಿದರೆ ಅದರ ಭಾರವೂ ಸೇರಿ ಇನ್ನಷ್ಟು. ಒಬ್ಬನನ್ನು ಮಾರುಕಟ್ಟೆಗೆ ಕರೆದೊಯ್ಯಲು ಎರಡು ಟನ್ನಿನ ವಾಹನವನ್ನು ಹೊರಡಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ವಿದ್ಯುತ್ ಕಾರಿಗೆ ಇನ್ನೊಂದು ಅನುಕೂಲ ಉಂಟು. ಮೋಟಾರಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಗಾಲಿಯನ್ನು ತಿರುಗಿಸುತ್ತದೆ. ಗಾಲಿಯೇ ಅದನ್ನು ತಿರುಗಿಸಿದರೆ ಅದು ಡೈನಮೊ ಆಗಿ ವಿದ್ಯುತ್ತನ್ನು ಕೊಡುತ್ತದೆ. ಕಾರನ್ನು ನಿಲ್ಲಿಸುವಾಗ ಹೀಗೆ ಚಲನಶಕ್ತಿಯ ಒಂದಂಶ ಬ್ಯಾಟರಿಗೆ ಮರಳುತ್ತದೆ. ಮೂರನೆಯ ಒಂದು ಪಾಲು ಮರಳಿತೆಂದು ಇಟ್ಟುಕೊಂಡು, ಮೋಟಾರು ಮುಂತಾದವುಗಳ ದಕ್ಷತೆ ನೂರಕ್ಕೆ ಎಪ್ಪತ್ತೆಂದು ಹಿಡಿದರೆ, ಕಿಲೋಮೀಟರಿಗೆ ಬೇಕಾಗುವುದು ಸುಮಾರು 0.104 ಯೂನಿಟ್ಟು. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದಾದ್ದರಿಂದ 9.6ರಲ್ಲಿ ಎಂಬತ್ತು ಪಾಲನ್ನಷ್ಟೇ ಬಳಸಿದರೂ 74 ಕಿಲೋಮೀಟರು ಬರುತ್ತದೆ. ಇದು ಕಾಗದದ ಮೇಲಣ ಅಂದಾಜು. ಆದರೂ ತಯಾರಕರ 80ಕ್ಕೆ ಎಷ್ಟು ಹತ್ತಿರ ಬಂತೆಂಬುದನ್ನು ಗಮನಿಸಿ.

ಮೈಸೂರಿನವರು ಕೂಡಲೇ ಕೇಳುವ ಪ್ರಶ್ನೆಯೊಂದಿದೆ: ಅಷ್ಟು ಚಿಕ್ಕ ಕಾರು ಚಾಮುಂಡಿ ಬೆಟ್ಟವನ್ನು ಹತ್ತೀತೆ? ಬೆಟ್ಟದ ತುದಿ ಊರಿನ ಮಟ್ಟಕ್ಕಿಂತ ಸುಮಾರು 300 ಮೀಟರು ಎತ್ತರದಲ್ಲಿದೆ. 900 ಕಿಲೋಗ್ರಾಮನ್ನು 300 ಮೀಟರು ಎತ್ತಲು ಬೇಕಾದ ಕೆಲಸ 26 ಲಕ್ಷ ಜೌಲು. ಕೇಳಲು ಭಯಂಕರವಾದ ಈ ಸಂಖ್ಯೆ ಯೂನಿಟ್ಟಿನಲ್ಲಿ ಮುಕ್ಕಾಲಿಗೂ ಕಡಿಮೆ! ದಕ್ಷತೆಯನ್ನು ಸೇರಿಸಿ, ಹತ್ತು ಕಿಲೋಮೀಟರು ರಸ್ತೆಯ ಖರ್ಚನ್ನೂ ಕೂಡಿಸಿದರೆ ಒಂದೂಮುಕ್ಕಾಲು ಯೂನಿಟ್ಟಿನೊಳಗೆ ಬೆಟ್ಟ ಹತ್ತಿದಂತಾಯಿತು. ಇಳಿಯುವಾಗ ಇದರಲ್ಲಿ ಒಂದಂಶ ಮರಳಿ ಬರುತ್ತದೆ. ಬೆಟ್ಟದ ಮೇಲೆಯೇ ಬ್ಯಾಟರಿಯನ್ನು ಕಂಠಪೂರ್ತಿ ತುಂಬಿಸಿಕೊಂಡು ಇಳಿಯುವವನಿಗೆ ಮಾತ್ರ ಈ ಲಾಭವಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸದು.

ರೇವಾ ಕಾರು ಲಂಡನ್ನಿನಲ್ಲಿ 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರದ ಮಧ್ಯಭಾಗಕ್ಕೆ ಬರುವ ಕಾರುಗಳ ಮೇಲೆ ಅಲ್ಲಿ 2003ರಲ್ಲಿ ವಿಧಿಸಿದ್ದ ಶುಲ್ಕದಿಂದ ಅದಕ್ಕೆ ವಿನಾಯಿತಿ ಇದ್ದುದೇ ಅದರ ಜನಪ್ರಿಯತೆಗೆ ಮುಖ್ಯ ಕಾರಣ. ಯೂರೋಪಿನ ಕಾನೂನಿನ ಪ್ರಕಾರ ಅದು ಕಾರಾಗಿರದೆ ನಾಲ್ಕು ಚಕ್ರದ ಲಘುವಾಹನಗಳ ವರ್ಗಕ್ಕೆ ಸೇರಿದ್ದಿತು. ಆದ್ದರಿಂದ ಕಾರುಗಳಿಗೆ ಕಡ್ಡಾಯವಾದ ಅಪಘಾತ ಪರೀಕ್ಷೆಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಈ ಬಗ್ಗೆ ತೀವ್ರವಾದ ಟೀಕೆ ಬಂತು. ಟೀಕೆ ನ್ಯಾಯವಾದುದೇ. ಕಾರು ಚಿಕ್ಕದಾಗಬೇಕೆಂಬ ವಾದ, ಕೂತವರ ರಕ್ಷಣೆ ಚಿಕ್ಕದಾಗಬೇಕೆಂಬ ವಾದವಲ್ಲ. 2010ರಲ್ಲಿ ಮಹೀಂದ್ರ ಸಂಸ್ಥೆ ಈ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. ಆ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ರೇವಾ ಓಡಾಡುತ್ತಿದ್ದಿತಾದರೂ ಒಟ್ಟು ಸಂಖ್ಯೆ ಕೆಲವು ಸಾವಿರಗಳನ್ನು ಮೀರಿರಲಿಲ್ಲ.

ಬ್ಯಾಟರಿಯ ಎರಡು ವಯಸ್ಸು

ಸೀಸದ ಬ್ಯಾಟರಿಯಲ್ಲಿ ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು. ನಡುವೆ ಗಂಧಕಾಮ್ಲದ ದ್ರಾವಣ. ವಿದ್ಯುತ್ತನ್ನು ಪಡೆಯುತ್ತ ಹೋದಂತೆ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡಿಕೊಳ್ಳುತ್ತದೆ. ವಿದ್ಯುತ್ತನ್ನು ಹಿಮ್ಮುಖವಾಗಿ ಹಾಯಿಸಿದಾಗ ಪುನಃ ಮೊದಲಿನ ರೂಪಕ್ಕೆ ಬರುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಈ ಸಲ್ಫೇಟು ದೊಡ್ಡ ಹರಳುಗಳಾಗಿ ಬಲಿತು ಮತ್ತೆ ಹಿಂದಿರುಗದು. ಹಲವರು ಬಳಸುವ ಕಾರಿಗೆ ಇದು ದೊಡ್ಡ ಅಪಾಯ. ತನ್ನದಲ್ಲದ ಕಾರನ್ನು ಪ್ಲಗ್ಗಿಗೆ ಜೋಡಿಸದೆ ಹೊರಟುಹೋಗುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಇದರ ಮೇಲೆ ಸೀಸದ ಭಾರ ಬೇರೆ: ರೇವಾ ಕಾರಿನ 9.6 ಯೂನಿಟ್ಟಿಗಾಗಿ ಕಾಲು ಟನ್ನಿನಷ್ಟು ಬ್ಯಾಟರಿಯನ್ನು ಹೊರಬೇಕಾಗಿದ್ದಿತು.

2013ರಲ್ಲಿ ಇದೇ ಕಂಪನಿ ಹೊರತಂದ ಇ2ಒ ಎಂಬ ಕಾರಿನಲ್ಲಿ ಲಿಥಿಯಮ್ ಬ್ಯಾಟರಿ ಇದ್ದಿತು. ಅದೇ ತೂಕಕ್ಕೆ ಸೀಸದ ಮೂರು ನಾಲ್ಕರಷ್ಟು ಶಕ್ತಿಯನ್ನು ಲಿಥಿಯಮ್ ಬ್ಯಾಟರಿ ಸಂಗ್ರಹಿಸಬಲ್ಲದು. ಇದರಲ್ಲಿ ಲಿಥಿಯಮ್ಮಿನ ಅಯಾನುಗಳು ಒಂದು ಫಲಕದಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಸೇರುವುವು, ಬಳಸುವಾಗ ಮರಳುವುವು. ಪ್ರತಿಯೊಂದು ಹೋಗಿಬರುವಿಕೆಯಲ್ಲಿಯೂ ಗ್ರಾಫೈಟು ತುಸು ಉಬ್ಬಿ ಕುಗ್ಗುತ್ತದೆ, ಸವೆಯುತ್ತದೆ. ಇದು ದುಡಿಮೆಯಿಂದ ಬರುವ ಮುಪ್ಪು. ಇನ್ನೊಂದು ಮುಪ್ಪು ಕಾಲದಿಂದ ಬರುವಂಥದು. ಗ್ರಾಫೈಟಿನ ಮೇಲೆ, ಅದು ದ್ರಾವಣವನ್ನು ಮುಟ್ಟುವ ಕಡೆ, ತೆಳುವಾದ ಪೊರೆಯೊಂದು ಹಾಸಿಕೊಳ್ಳುತ್ತದೆ. ಈ ಪೊರೆ ಬ್ಯಾಟರಿಗೆ ರಕ್ಷಣೆಯೂ ಹೌದು. ಆದರೆ ಅದು ನಿಧಾನವಾಗಿ ದಪ್ಪವಾಗುತ್ತ, ತನ್ನೊಳಗೆ ಲಿಥಿಯಮ್ಮನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಕಾರು ಓಡಲಿ, ನಿಲ್ಲಲಿ, ಪೊರೆ ಬೆಳೆಯುವುದೇ ಸರಿ. ಬಿಸಿಲಿನಲ್ಲಿ, ಅದರಲ್ಲಿಯೂ ಪೂರ್ತಿ ತುಂಬಿದ ಸ್ಥಿತಿಯಲ್ಲಿ ನಿಂತರೆ, ಇನ್ನೂ ಬೇಗ ಬೆಳೆಯುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಬ್ಯಾಟರಿ 1,500 ಸಲ ತುಂಬಿ ಬರಿದಾಗಬಲ್ಲದು, ಇಲ್ಲವೆ ಹತ್ತು ವರ್ಷ ಬಾಳಬಲ್ಲದು. ಯಾವುದು ಮೊದಲೋ ಅದು ಅದರ ಅಂತ್ಯ. ಸಲಕ್ಕೆ 100 ಕಿಲೋಮೀಟರು ಎಂದಾದರೆ ದುಡಿಮೆಯ ಲೆಕ್ಕದಲ್ಲಿ ಅದರ ಆಯುಷ್ಯ ಒಂದೂವರೆ ಲಕ್ಷ ಕಿಲೋಮೀಟರು. ದಿನಕ್ಕೆ 20 ಕಿಲೋಮೀಟರು ಓಡುವ ನಮ್ಮ ಸಿದ್ಧಾರ್ಥನಗರದ ಸಂಸಾರ ಹತ್ತು ವರ್ಷದಲ್ಲಿ ಓಡಿಸುವುದು 73,000 ಕಿಲೋಮೀಟರು. ಆ ಹೊತ್ತಿಗೆ ಬ್ಯಾಟರಿ ವಯಸ್ಸಾಗಿ ಕೆಡುತ್ತದೆ. ಅರ್ಧಕ್ಕಿಂತ ಹೆಚ್ಚು ದುಡಿಮೆ ಅದರೊಳಗೇ ಉಳಿದು ವ್ಯರ್ಥವಾಯಿತು. ಅಂಥ ಮೂರು ಸಂಸಾರಗಳು ಒಂದೇ ಕಾರನ್ನು ಹಂಚಿಕೊಂಡು ದಿನಕ್ಕೆ 60 ಕಿಲೋಮೀಟರು ಓಡಿಸಿದರೋ, ಏಳು ವರ್ಷ ತುಂಬುವ ಮೊದಲೇ ಬ್ಯಾಟರಿ ತನ್ನ ಒಂದೂವರೆ ಲಕ್ಷವನ್ನು ಮುಗಿಸಿ ಕೃತಾರ್ಥವಾಗುತ್ತದೆ. ಹತ್ತು ವರ್ಷದ ಓಡಾಟಕ್ಕೆ ಮೂರು ಬ್ಯಾಟರಿಗಳ ಬದಲು ಒಂದೂವರೆ ಬ್ಯಾಟರಿ ಸಾಕಾಯಿತು. ನಿಜದಲ್ಲಿ ಎರಡು ಮುಪ್ಪುಗಳೂ ಒಟ್ಟೊಟ್ಟಿಗೆ ಬರುವುದರಿಂದ ಲಾಭ ಇಷ್ಟು ನಿಖರವಾಗಿರದು. ಆದರೆ ಅದರ ದಿಕ್ಕು ಇದೇ.

ಈ ಉಳಿತಾಯ ಹಣದ ಮಾತು ಮಾತ್ರವಲ್ಲ. ಮೈಸೂರಿಗೆ ನೆರೆಯ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಮ್ ಇದೆಯೆಂಬ ಸುದ್ದಿ ಕೆಲವು ವರ್ಷಗಳ ಹಿಂದೆ ನಾಡಿನಲ್ಲೆಲ್ಲ ಸಂಭ್ರಮವನ್ನು ಉಂಟುಮಾಡಿತು. 2021ರಲ್ಲಿ ಪ್ರಕಟವಾದ ಪ್ರಾಥಮಿಕ ಅಂದಾಜು 1,600 ಟನ್ನು. ದಕ್ಷಿಣ ಅಮೆರಿಕದ ಚಿಲಿ ದೇಶದ ನಿಕ್ಷೇಪಗಳನ್ನು ಎಣಿಸುವುದು ದಶಲಕ್ಷ ಟನ್ನುಗಳಲ್ಲಿ. ಕೊಂಡು ತರಬೇಕಾದ ವಸ್ತುವನ್ನು ಅರ್ಧ ಬಳಸಿ ಎಸೆಯುವುದು ಯಾವ ಜಾಣತನ?

ಹಂಚಿಕೊಳ್ಳುವ ಬಗೆ

ಕಾರನ್ನು ಹಂಚಿಕೊಳ್ಳುವುದೆಂದರೆ ಟ್ಯಾಕ್ಸಿಯಲ್ಲ. ಟ್ಯಾಕ್ಸಿಯಲ್ಲಿ ಚಾಲಕನಿರುತ್ತಾನೆ. ಕಾರ್ ಷೇರಿಂಗ್ ಎಂಬ ಪದ್ಧತಿಯಲ್ಲಿ ಸದಸ್ಯನಾದವನು ಹತ್ತಿರದ ನಿಲ್ದಾಣಕ್ಕೆ ಹೋಗಿ, ತಾನೇ ಕಾರನ್ನು ತೆಗೆದು, ಬೇಕಾದಷ್ಟು ಹೊತ್ತು ಓಡಿಸಿ, ಗಂಟೆಯ ಅಥವಾ ಕಿಲೋಮೀಟರಿನ ಲೆಕ್ಕದಲ್ಲಿ ಹಣ ತೆತ್ತು ಬಿಟ್ಟುಬರುತ್ತಾನೆ.

ಇದಕ್ಕೆಂದೇ ಒಂದು ಸಣ್ಣ ವಿದ್ಯುತ್ ಕಾರನ್ನು ರಚಿಸಿದ ಮೊದಲಿಗರಲ್ಲಿ ಹಾಲೆಂಡಿನ ಲೂಡ್ ಸ್ಖಿಮ್ಮೆಲ್‌ಪೆನ್ನಿಂಕ್ ಒಬ್ಬರು. 1960ರ ದಶಕದಲ್ಲಿ ಅವರು ಆಮ್‌ಸ್ಟರ್‌ಡಾಮ್ ನಗರದಲ್ಲಿ ಎಲ್ಲರೂ ಬಳಸಬಹುದಾದ ಬಿಳಿಯ ಸೈಕಲ್ಲುಗಳ ಯೋಜನೆಯನ್ನು ಮುಂದಿಟ್ಟವರು. 1974ರಲ್ಲಿ ಅವರ ವಿಟ್‌ಕಾರ್, ಎಂದರೆ ಬಿಳಿಯ ಕಾರು, ಬೀದಿಗೆ ಬಂತು. ಮೂರು ಚಕ್ರ, ಇಬ್ಬರಿಗೆ ಆಸನ, ಗಂಟೆಗೆ 30 ಕಿಲೋಮೀಟರು ವೇಗ. ನೋಡಲು ಗಾಜಿನ ಹೆಚ್ಚು ಎತ್ತರದ ಡಬ್ಬಿಯಂತೆ. ನಿಲ್ದಾಣದಲ್ಲಿ ಸಾಲಾಗಿ ನಿಂತು ಬ್ಯಾಟರಿಗೆ ವಿದ್ಯುತ್ ತುಂಬಿಸಿಕೊಳ್ಳುವುದು. ಯಾರು ಯಾವ ಕಾರನ್ನು ಒಯ್ದರೆಂಬುದನ್ನು ಗಣಕಯಂತ್ರ ಬರೆದಿಟ್ಟುಕೊಳ್ಳುವುದು. ಐವತ್ತು ವರ್ಷಗಳ ಹಿಂದಿನ ಕಾಲಕ್ಕೆ ಇದು ಸಾಮಾನ್ಯ ಸಾಹಸವಲ್ಲ. ನೂರಾರು ಕಾರುಗಳ ಕನಸು ಕಂಡಿದ್ದರು. ಆದದ್ದು ಸುಮಾರು ಮೂವತ್ತೈದು ಕಾರು, ನಾಲ್ಕೈದು ನಿಲ್ದಾಣ. 1986ರಲ್ಲಿ ಅದು ಮುಗಿಯಿತು.

ಪ್ಯಾರಿಸ್ಸಿನದು ಇದಕ್ಕಿಂತ ದೊಡ್ಡ ಪ್ರಯೋಗ. 2011ರ ಡಿಸೆಂಬರಿನಲ್ಲಿ ಅಲ್ಲಿ ಆಟೊಲಿಬ್ ಎಂಬ ಸೇವೆ ಆರಂಭವಾಯಿತು. ಅದಕ್ಕಾಗಿ ಬೊಲ್ಲೊರೆ ಸಮೂಹ ಸಿದ್ಧಪಡಿಸಿದ ಬ್ಲೂಕಾರ್ ಎಂಬ ನಾಲ್ಕು ಆಸನದ ಚಿಕ್ಕ ಕಾರಿನಲ್ಲಿ 30 ಯೂನಿಟ್ಟಿನ ವಿಶೇಷ ಬ್ಯಾಟರಿಯೊಂದಿದ್ದಿತು. ಅದರಲ್ಲಿ ದ್ರಾವಣದ ಬದಲು ಘನರೂಪದ ಪಾಲಿಮರು. ಇದು ಕೆಲಸ ಮಾಡಬೇಕಾದರೆ 60 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಬೆಚ್ಚಗಿರಬೇಕು. ಆದ್ದರಿಂದ ನಿಂತಾಗಲೆಲ್ಲ ತಂತಿಗೆ ಜೋಡಿಸಿರಬೇಕಾಗುತ್ತದೆ. ಸ್ವಂತ ಕಾರಿಗೆ ಇದು ಉಪದ್ರವ; ನಿಲ್ದಾಣದಿಂದ ನಿಲ್ದಾಣಕ್ಕೆ ಓಡುವ ಕಾರಿಗೆ ಇದರಿಂದ ಅಡ್ಡಿಯಿಲ್ಲ. ಕಾರನ್ನು ಅದರ ಉಪಯೋಗಕ್ಕೆ ತಕ್ಕಂತೆ ರೂಪಿಸುವುದೆಂದರೆ ಇದು. ನಾಲ್ಕು ಸಾವಿರದಷ್ಟು ಕಾರುಗಳೂ ಲಕ್ಷಕ್ಕೂ ಮೀರಿದ ಸದಸ್ಯರೂ ಇದ್ದ ಈ ಸೇವೆ, ನಷ್ಟವನ್ನು ಯಾರು ತುಂಬಬೇಕೆಂಬ ವಿವಾದದಲ್ಲಿ ಸಿಲುಕಿ 2018ರ ಜುಲೈ ಕೊನೆಗೆ ನಿಂತಿತು.

ತೊಡಕು ಇದ್ದದ್ದು ಎಲ್ಲಿ? ಒಂದು ತೊಡಕು ಕಾರುಗಳು ಒಂದೆಡೆ ಗುಂಪುಗೂಡುವುದು. ಒಂದು ನಿಲ್ದಾಣದಲ್ಲಿ ತೆಗೆದು ಇನ್ನೊಂದರಲ್ಲಿ ಬಿಡಬಹುದಾದರೆ ಬೆಳಿಗ್ಗೆ ಮನೆಗಳ ಕಡೆಯ ನಿಲ್ದಾಣಗಳು ಬರಿದಾಗಿ ಕಚೇರಿಗಳ ಕಡೆಯವು ತುಂಬುತ್ತವೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಹೋಗುವವರೂ ಬರುವವರೂ ಸರಾಸರಿಯಲ್ಲಿ ಸಮನಾಗಿದ್ದರೂ ತೊಂದರೆ ತಪ್ಪದು ಎಂಬುದು ಅಷ್ಟು ಸುಲಭವಾಗಿ ಹೊಳೆಯದು. ದಿನಕ್ಕೆ ಸರಾಸರಿ 16 ಕಾರುಗಳು ಹೊರಡುವ, 16 ಕಾರುಗಳು ಬರುವ ನಿಲ್ದಾಣವನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಂದು ಘಟನೆಯೂ ಆಕಸ್ಮಿಕವಾದುದರಿಂದ ಇದು 32 ಸಲ ನಾಣ್ಯ ಚಿಮ್ಮಿದಂತೆ. ತಲೆ ಬಿದ್ದರೆ ಒಂದು ಕಾರು ಬಂತು, ಬಾಲ ಬಿದ್ದರೆ ಒಂದು ಹೋಯಿತು. ಸಂಭವಶಾಸ್ತ್ರದ ಪ್ರಕಾರ ದಿನದ ಕೊನೆಗೆ ಸಾಮಾನ್ಯವಾಗಿ ಉಂಟಾಗುವ ವ್ಯತ್ಯಾಸ 32ರ ವರ್ಗಮೂಲ, ಎಂದರೆ ಐದರಿಂದ ಆರು. ಬೆಳಿಗ್ಗೆ ಐದು ಕಾರುಗಳೂ ಐದು ಖಾಲಿ ಸ್ಥಳಗಳೂ ಇದ್ದ ನಿಲ್ದಾಣ ಒಂದೇ ದಿನದಲ್ಲಿ ಬರಿದಾಗುವುದೋ ತುಂಬಿಹೋಗುವುದೋ ಅಚ್ಚರಿಯಲ್ಲ. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಸೈಕಲ್ ಸೇವೆಯಂಥದರಲ್ಲಿಯೂ ಇದೇ ನಿಯಮ. ಆದರೆ ಸೈಕಲ್ಲುಗಳನ್ನು ಲಾರಿಯೊಂದಕ್ಕೆ ಹೇರಿ ಬೇಕಾದೆಡೆಗೆ ಒಯ್ಯಬಹುದು. ಕಾರಿಗೆ ಒಬ್ಬೊಬ್ಬ ಚಾಲಕನೇ ಬೇಕು.

ತೆಗೆದ ಕಡೆಯೇ ಮರಳಿ ತಂದು ಬಿಡಬೇಕೆಂಬ ನಿಯಮ ಈ ತೊಡಕನ್ನು ನಿವಾರಿಸುತ್ತದೆ. ಬೆಂಗಳೂರಿನಲ್ಲಿ 2013ರಲ್ಲಿ ಆರಂಭವಾದ ಜೂಮ್‌ಕಾರ್ ಸಂಸ್ಥೆ ಅನುಸರಿಸಿದ್ದು ಈ ದಾರಿಯನ್ನು. ಅದು ಇ2ಒ ಕಾರುಗಳನ್ನು ಬಾಡಿಗೆಗೆ ಇಟ್ಟಿತು. 2017ರಲ್ಲಿ ಮೈಸೂರಿನಲ್ಲಿಯೂ ಇ2ಒ ಪ್ಲಸ್ ಎಂಬ ನಾಲ್ಕು ಬಾಗಿಲಿನ ವಿದ್ಯುತ್ ಕಾರುಗಳನ್ನು ಜನರ ಕೈಗೆ ಕೊಟ್ಟಿತು. ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು, ದೇಶದಲ್ಲಿಯೇ ಮೊದಲಾಗಿ, ಪ್ರಕಟಿಸಿದ್ದೂ ಅದೇ ವರ್ಷ. ಇ2ಒ ಕಾರಿನ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತಿದೆಯೆಂದು ದೂರದಿಂದಲೇ ತಿಳಿಯುವ, ಫೋನಿನ ಮೂಲಕವೇ ಬಾಗಿಲಿನ ಬೀಗವನ್ನು ಹಾಕಿ ತೆಗೆಯುವ ಸೌಕರ್ಯವಿದ್ದಿತು. ಹಲವರು ಬಳಸುವ ಕಾರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು! ಆದರೆ 2019ರ ಸುಮಾರಿಗೆ ಈ ಕಾರಿನ ತಯಾರಿಕೆ ನಿಂತಿತು. ಜೂಮ್‌ಕಾರ್ ಮುಂದೆ ತನ್ನ ಪದ್ಧತಿಯನ್ನೇ ಬದಲಿಸಿ, ಇತರರು ತಮ್ಮ ಕಾರುಗಳನ್ನು ಬಾಡಿಗೆಗೆ ಕೊಡುವ ಮಧ್ಯವರ್ತಿಯಾಯಿತು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು; ಸಣ್ಣ ಪ್ರಯೋಗಗಳು ಸೋಲುವುದರ ಕಾರಣ ಇದರಲ್ಲಿದೆಯೆಂದು ನನ್ನ ಅಭಿಪ್ರಾಯ. ಮೂರು ಸಂಸಾರಕ್ಕೆ ಒಂದು ಕಾರು ಎಂದೆವಷ್ಟೆ. ಯಾವುದೋ ಒಂದು ಗಂಟೆಯಲ್ಲಿ ಪ್ರತಿಯೊಂದು ಸಂಸಾರಕ್ಕೂ ಕಾರು ಬೇಕಾಗುವ ಸಂಭವ ನಾಲ್ಕರಲ್ಲಿ ಒಂದು ಎಂದು ಹಿಡಿಯೋಣ. ಇಬ್ಬರಿಗೆ ಅಥವಾ ಮೂವರಿಗೂ ಒಟ್ಟಿಗೆ ಬೇಕಾದರೆ ಒಬ್ಬರನ್ನುಳಿದು ಮಿಕ್ಕವರು ನಿರಾಶರಾಗಬೇಕು. ಲೆಕ್ಕ ಹಾಕಿದರೆ ಕಾರನ್ನು ಬೇಡಿದವರಲ್ಲಿ ನೂರಕ್ಕೆ 23 ಮಂದಿ ಬರಿಗೈಯಲ್ಲಿ ಮರಳುತ್ತಾರೆ. ಇನ್ನು, ಮೂವತ್ತು ಸಂಸಾರಗಳು ಹತ್ತು ಕಾರುಗಳನ್ನು ಹಂಚಿಕೊಂಡಿವೆಯೆನ್ನಿ. ಪ್ರಮಾಣ ಅದೇ, ಮೂವರಿಗೊಂದು. ಆದರೆ ಈಗ ನಿರಾಶರಾಗುವವರು ನೂರಕ್ಕೆ ಎರಡೂವರೆಯಷ್ಟು ಮಾತ್ರ! ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಒದಗುವ ಅವಕಾಶ ಗುಂಪು ದೊಡ್ಡದಾದಂತೆ ಹೆಚ್ಚುತ್ತದೆ. ಕಾಲೇಜಿನಲ್ಲಿ ದ್ವಿಪದ ವಿತರಣೆಯನ್ನು ಕಲಿತವರು ಈ ಎರಡು ಸಂಖ್ಯೆಗಳನ್ನು ತಾವೇ ಪರೀಕ್ಷಿಸಬಹುದು.

ನಾಲ್ಕರಲ್ಲಿ ಒಂದು ಸಂಭವವೆಂಬುದೂ, ಒಬ್ಬರ ಬೇಡಿಕೆಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲವೆಂಬುದೂ ಬೆಳಿಗ್ಗೆ ಒಂಬತ್ತೂವರೆ ಗಂಟೆಗೆ ಸುಳ್ಳಾಗುತ್ತವೆ. ಆಗ ಎಲ್ಲರಿಗೂ ಕಚೇರಿಗೆ, ಶಾಲೆಗೆ ಹೋಗಬೇಕು. ಅಂಥ ಸಂಚಾರಕ್ಕೆ ಹಂಚಿಕೆಯ ಕಾರು ತಕ್ಕದ್ದಲ್ಲ. ಅದು ನಗರ ಸಾರಿಗೆ ಬಸ್ಸಿನ ಕೆಲಸ. ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ರಾತ್ರಿಯ ರೈಲಿಗೆ ಹೋಗುವುದು, ತಿಂಗಳ ಸಾಮಾನು ತರುವುದು, ಕಾರಿಲ್ಲದ ವಿದ್ಯಾರ್ಥಿ ತಂದೆತಾಯಿಗಳಿಗೆ ಊರು ತೋರಿಸುವುದು, ಇವು ಬೇರೆ ಬೇರೆ ಹೊತ್ತಿಗೆ ಬರುವ ಕೆಲಸಗಳು. ಮನೆಮನೆಗೂ ಒಂದು ಕಾರನ್ನು ಜನ ಕೊಳ್ಳುವುದು ಬಹುಮಟ್ಟಿಗೆ ಇಂಥವುಗಳಿಗಾಗಿಯೇ.

ವಿದ್ಯುತ್ತು ತುಂಬಿಸುವುದು ಎಲ್ಲರೂ ಅಂಜುವಷ್ಟು ಕಷ್ಟವಲ್ಲ. ದಿನಕ್ಕೆ 60 ಕಿಲೋಮೀಟರು ಓಡಿದ ಸಣ್ಣ ಕಾರಿಗೆ ಬೇಕಾದದ್ದು, ತುಂಬಿಸುವಾಗಿನ ನಷ್ಟವೂ ಸೇರಿ, ಏಳು ಯೂನಿಟ್ಟು. ಗೀಸರಿಗೆ ಹಾಕುವ 15 ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ಟು ದೊರೆಯುತ್ತದೆ. ಎರಡೂವರೆ ಗಂಟೆಯೊಳಗೆ ಕೆಲಸ ಮುಗಿಯಿತು. ಸಿದ್ಧಾರ್ಥನಗರದ ಮೂವತ್ತು ಸಂಸಾರಗಳ ಹತ್ತು ಕಾರುಗಳೂ ಒಂದೇ ಕಾಲಕ್ಕೆ ವಿದ್ಯುತ್ತನ್ನು ಹೀರಿದರೆ 30 ಕಿಲೋವಾಟು, ಎಂದರೆ ಹತ್ತು ದೊಡ್ಡ ಗೀಸರುಗಳು ಒಟ್ಟಿಗೆ ಉರಿದಷ್ಟು. ಗೀಸರುಗಳು ಉರಿಯುವುದು ಬೆಳಿಗ್ಗೆ ಆರು ಗಂಟೆಗೆ. ಕಾರುಗಳನ್ನು ರಾತ್ರಿ ಹನ್ನೊಂದರ ಮೇಲೆ ಪ್ಲಗ್ಗಿಗೆ ಹಾಕಿದರೆ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಅದು ಬಿಡುವಿನ ಹೊತ್ತು.